ಲೇಸರ್‌ನಿಂದ ಅಯಾನೀಕರಣ ಶಕ್ತಿ ಅಳೆಯುವ ಬಗೆ: ನೈಟ್ರಿಕ್ ಆಕ್ಸೈಡ್ ಮತ್ತು ಅಲ್ಯೂಮಿನಿಯಂನಿಂದ ಆರಂಭ

ಒಂದು ಅಣುವಿನಿಂದಲೋ ಲೋಹದ ಪರಮಾಣುವಿನಿಂದಲೋ ಒಂದು ಎಲೆಕ್ಟ್ರಾನನ್ನು ಕಿತ್ತು ಹೊರಹಾಕಲು ಬೇಕಾಗುವ ಕನಿಷ್ಠ ಶಕ್ತಿಯೇ ಅಯಾನೀಕರಣ ಶಕ್ತಿ. 1920ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಕೊಟ್ಟ, ಬಿಸಿ ಅನಿಲದಲ್ಲಿ ಎಷ್ಟು ಪರಮಾಣುಗಳು ಅಯಾನುಗಳಾಗಿವೆ ಎಂದು ಹೇಳುವ ಸಮೀಕರಣದಿಂದ ನಕ್ಷತ್ರಗಳ ವಾತಾವರಣವನ್ನು ಓದಲು ಹೊರಟರೆ ಮೊದಲು ಕೈಗೆ ಬೇಕಾಗುವುದು ಇದೇ ಸಂಖ್ಯೆ. ಇದನ್ನು ಇಂದು ಅತ್ಯಂತ ನಿಖರವಾಗಿ ಅಳೆಯುವ ಸಾಧನ ಲೇಸರ್.

ಈ ಲೇಖನ ಎಂ.ಎಸ್ಸಿ. ಮುಗಿಸಿ ಇಂಥ ಪ್ರಯೋಗಾಲಯಕ್ಕೆ ಹೊಸದಾಗಿ ಕಾಲಿಡುವವರಿಗಾಗಿ. ನಿರ್ವಾತ ಕೋಣೆ, ಡೈ ಲೇಸರ್ (ಬಣ್ಣದ ದ್ರಾವಣದಿಂದ ಬೇಕಾದ ತರಂಗಾಂತರದ ಬೆಳಕು ಕೊಡುವಂಥದ್ದು), ಹಾರಾಟಕಾಲದ ರಾಶಿಮಾಪಕ (ಅಯಾನು ಓಡಲು ಹಿಡಿಯುವ ಕಾಲದಿಂದ ಅದರ ರಾಶಿ ಹೇಳುವಂಥದ್ದು) ಅಲ್ಲಿ ಆಗಲೇ ಇವೆ ಎಂದುಕೊಂಡು ಬರೆಯುತ್ತಿದ್ದೇನೆ. ಅಯಾನಿನ ಸಂಕೇತ ಸಿಗುವುದು ಕಷ್ಟವಲ್ಲ. ಲೇಸರ್ ಬಿದ್ದಲ್ಲೆಲ್ಲ ಏನಾದರೊಂದು ಅಯಾನು ಹುಟ್ಟುತ್ತದೆ. ಆ ಸಂಕೇತದಿಂದ ಒಂದು ಸಂಖ್ಯೆ ಬರೆಯಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಎಲೆಕ್ಟ್ರಾನ್ ಹೊರಟದ್ದು ಯಾವ ಶಕ್ತಿಮಟ್ಟದಿಂದ? ಹೊರಟಾಗ ಅಲ್ಲಿ ಎಷ್ಟು ವಿದ್ಯುತ್ ಕ್ಷೇತ್ರವಿತ್ತು? ಬೆಳಕಿನ ತರಂಗಾಂತರವನ್ನು ಯಾವ ಅಳತೆಗೋಲಿನಿಂದ ಅಳೆದಿರಿ? ಕೆಳಗಿನ ಪ್ರತಿ ಹೆಜ್ಜೆಯೂ ಈ ಮೂರರಲ್ಲಿ ಒಂದಕ್ಕೆ ಸೇರಿದ್ದು.

ಯಾವುದರಿಂದ ಶುರು ಮಾಡಬೇಕು

ಅಣುಗಳಲ್ಲಿ ನೈಟ್ರಿಕ್ ಆಕ್ಸೈಡ್, ಲೋಹಗಳಲ್ಲಿ ಅಲ್ಯೂಮಿನಿಯಂ. ಈ ಜೋಡಿಯನ್ನು ಆರಿಸಿದ್ದಕ್ಕೆ ಕಾರಣವಿದೆ.

ನೈಟ್ರಿಕ್ ಆಕ್ಸೈಡಿನ ಅಯಾನೀಕರಣ ಶಕ್ತಿ 9.264 ಎಲೆಕ್ಟ್ರಾನ್ ವೋಲ್ಟ್. ಒಂದೇ ಫೋಟಾನಿನಿಂದ ಅಷ್ಟು ಶಕ್ತಿ ಕೊಡಬೇಕಾದರೆ ಸುಮಾರು 134 ನ್ಯಾನೊಮೀಟರ್‌ನ ಬೆಳಕು ಬೇಕು; ಅದು ಗಾಳಿಯಲ್ಲಿ ಸಾಗುವುದಿಲ್ಲ, ಸಾಮಾನ್ಯ ಕಿಟಕಿಯನ್ನೂ ದಾಟುವುದಿಲ್ಲ. ಆದರೆ ಈ ಅಣುವಿಗೆ 226 ನ್ಯಾನೊಮೀಟರ್ ಬಳಿ ‘ಎ’ ಎಂಬ ಉದ್ರಿಕ್ತ ಸ್ಥಿತಿಯಿದೆ. 226ರ ಒಂದು ಫೋಟಾನು ಅಣುವನ್ನು ಅಲ್ಲಿಗೆ ಏರಿಸುತ್ತದೆ, ಇನ್ನೊಂದು ಫೋಟಾನು ಅಲ್ಲಿಂದ ಎಲೆಕ್ಟ್ರಾನನ್ನು ಹೊರಹಾಕುತ್ತದೆ. ತಲಾ 5.48ರಂತೆ ಎರಡು ಫೋಟಾನು ಸೇರಿ 10.96 ಎಲೆಕ್ಟ್ರಾನ್ ವೋಲ್ಟ್, ಬೇಕಾದದ್ದಕ್ಕಿಂತ ಹೆಚ್ಚೇ. ಅನುರಣನದ ಮೂಲಕ ನಡೆಯುವ ಈ ಬಹುಫೋಟಾನ್ ಅಯಾನೀಕರಣವನ್ನು ಪ್ರಯೋಗಾಲಯಗಳಲ್ಲಿ ರೆಂಪಿ ಎನ್ನುತ್ತಾರೆ.

ಅಲ್ಯೂಮಿನಿಯಂ ಪರಮಾಣುವಿಗೆ ಬೇಕಾದದ್ದು 5.986 ಎಲೆಕ್ಟ್ರಾನ್ ವೋಲ್ಟ್. 308.2 ನ್ಯಾನೊಮೀಟರ್ ಬೆಳಕು ಅದನ್ನು 3ಪಿ ಮಟ್ಟದಿಂದ 3ಡಿ ಮಟ್ಟಕ್ಕೆ ಏರಿಸುತ್ತದೆ. ಪ್ರಕೃತಿಯಲ್ಲಿ ಸಿಗುವ ಅಲ್ಯೂಮಿನಿಯಂನದು ರಾಶಿ 27ರ ಒಂದೇ ಐಸೊಟೋಪ್, ಹಾಗಾಗಿ ರಾಶಿರೋಹಿತದಲ್ಲಿ ಗೊಂದಲವಿಲ್ಲ. ಇನ್ನೊಂದು ಅನುಕೂಲವೂ ಇದೆ. ಎರಡರ ಮೂಲಸ್ಥಿತಿಯೂ ಸ್ಪಿನ್-ಕಕ್ಷಾ ಬಂಧದಿಂದ ಎರಡಾಗಿ ಸೀಳಿದೆ: ನೈಟ್ರಿಕ್ ಆಕ್ಸೈಡಿನಲ್ಲಿ ಸುಮಾರು 120 ಸೆಂ.ಮೀ⁻¹, ಅಲ್ಯೂಮಿನಿಯಂನಲ್ಲಿ 112 ಸೆಂ.ಮೀ⁻¹. ಒಂದರಲ್ಲಿ ಕಲಿತ ಎಚ್ಚರಿಕೆ ಇನ್ನೊಂದರಲ್ಲಿ ಹಾಗೆಯೇ ಕೆಲಸಕ್ಕೆ ಬರುತ್ತದೆ. (ಸೆಂ.ಮೀ⁻¹ ಎಂದರೆ ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಬೆಳಕಿನ ಅಲೆಗಳ ಸಂಖ್ಯೆ, ಇಲ್ಲಿ ಅದೇ ಶಕ್ತಿಯ ಅಳತೆ. ಒಂದು ಎಲೆಕ್ಟ್ರಾನ್ ವೋಲ್ಟ್ ಎಂದರೆ 8065.5 ಸೆಂ.ಮೀ⁻¹. ಈ ಪರಿವರ್ತನೆ ಬಾಯಿಪಾಠವಾಗಿರಲಿ, ಮುಂದೆಲ್ಲ ಇದೇ ಅಳತೆ.)

ಕಣ್ಣು, ಕೈ, ಶ್ವಾಸ

226 ಮತ್ತು 308 ನ್ಯಾನೊಮೀಟರ್ ಎರಡೂ ಅತಿನೇರಳೆ. ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಹಾಳು ಮಾಡುತ್ತವೆ. ಡೈ ಲೇಸರನ್ನು ನಡೆಸುವ ಯಾಗ್ ಲೇಸರಿನ 532 ನ್ಯಾನೊಮೀಟರ್ ಹಸಿರು ಬೆಳಕು ಇನ್ನೂ ಅಪಾಯಕಾರಿ. ಆಯಾ ತರಂಗಾಂತರಕ್ಕೆ ತಕ್ಕ ಕನ್ನಡಕ ಬೇರೆ ಬೇರೆ. ಒಂದೇ ಕನ್ನಡಕ ಎಲ್ಲಕ್ಕೂ ನಡೆಯುತ್ತದೆ ಎಂದು ನಂಬಬೇಡಿ, ಅದರ ಅಂಚಿನಲ್ಲಿ ಮುದ್ರಿಸಿದ್ದನ್ನು ಓದಿ. ಕೈಗಡಿಯಾರ, ಉಂಗುರ, ಬಳೆ ತೆಗೆದಿಡಿ. ಕಿರಣಗಳು ಮೇಜಿನ ಮಟ್ಟಕ್ಕೆ ಸಮಾಂತರವಾಗಿಯೇ ಸಾಗಲಿ. ಬಿದ್ದ ಸ್ಕ್ರೂ ಎತ್ತಿಕೊಳ್ಳಲು ಬಗ್ಗುವಾಗ ಕಣ್ಣು ಕಿರಣದ ಎತ್ತರಕ್ಕೆ ಬರುತ್ತದೆ ಎಂಬುದು ನೆನಪಿರಲಿ. ಅತಿನೇರಳೆ ಕಿರಣ ಎಲ್ಲಿದೆ ಎಂದು ನೋಡಲು ಸಾಮಾನ್ಯ ಬಿಳಿ ವಿಸಿಟಿಂಗ್ ಕಾರ್ಡ್ ಸಾಕು. ಕಿರಣ ಬಿದ್ದಲ್ಲಿ ಕಾಗದ ನೀಲಿಯಾಗಿ ಹೊಳೆಯುತ್ತದೆ. ಆ ನೀಲಿ ಚುಕ್ಕೆಯ ಆಕಾರ ನೋಡಿಯೇ ಕಿರಣ ದುಂಡಾಗಿದೆಯೇ, ಕನ್ನಡಿಯ ಅಂಚಿಗೆ ತಾಗಿ ಕತ್ತರಿಸಿದೆಯೇ ಎಂದು ಹೇಳಬಹುದು.

ಡೈಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಡಿಸಿಎಂ ಎಂಬ, ಕೆಂಪು ಬೆಳಕು ಕೊಡುವ ಡೈಯನ್ನು ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದ್ದರೆ ಎಚ್ಚರಿಕೆ ಇಮ್ಮಡಿಯಾಗಲಿ, ಏಕೆಂದರೆ ಆ ದ್ರಾವಕ ತನ್ನಲ್ಲಿ ಕರಗಿದ್ದನ್ನು ಚರ್ಮದ ಮೂಲಕ ಒಳಕ್ಕೆ ಒಯ್ಯುತ್ತದೆ. ನೈಟ್ರಿಕ್ ಆಕ್ಸೈಡ್ ವಿಷಾನಿಲ. ಗಾಳಿ ಸೇರಿದರೆ ಕಂದುಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ಶುದ್ಧ ಅನಿಲದ ಬದಲು ಆರ್ಗಾನಿನಲ್ಲಿ ಶೇಕಡ 5ರಷ್ಟು ಬೆರೆತ ಸಿಲಿಂಡರ್ ತರಿಸಿಕೊಳ್ಳಿ. ಪ್ರಯೋಗಕ್ಕೆ ಅಷ್ಟೇ ಸಾಕು. ಪಂಪಿನ ಹೊಗೆಕೊಳವೆ ಕಟ್ಟಡದ ಹೊರಗೆ ತೆರೆದುಕೊಳ್ಳುವುದೇ ಎಂದು ಕಣ್ಣಾರೆ ನೋಡಿ ಬನ್ನಿ.

ಮಳೆಗಾಲದಲ್ಲಿ, ಮುಖ್ಯವಾಗಿ ಕರಾವಳಿಯ ಊರುಗಳಲ್ಲಿ, ತರಂಗಾಂತರ ಅರ್ಧಿಸುವ ಬಿಬಿಒ ಹರಳು ತೇವ ಹೀರಿ ಮಂಕಾಗುತ್ತದೆ. ಬಳಸದಿರುವಾಗ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ವಿದ್ಯುತ್ ಹೋದಾಗ ಟರ್ಬೋ ಪಂಪಿನ ಮುಂದಿನ ಗೇಟ್ ವಾಲ್ವ್ ತಾನಾಗಿ ಮುಚ್ಚಿಕೊಳ್ಳುವಂತಿರಬೇಕು, ಡಿಟೆಕ್ಟರಿನ ವೋಲ್ಟೇಜ್ ಕಡಿತವಾಗಬೇಕು. ಇವೆರಡನ್ನೂ ಮೊದಲ ದಿನವೇ ಪರೀಕ್ಷಿಸಿ.

ಹೆಜ್ಜೆ 1: ತಂಪಾದ ಅಣುಗಳು

ಕೋಣೆಯ ಉಷ್ಣತೆಯಲ್ಲಿ ನೈಟ್ರಿಕ್ ಆಕ್ಸೈಡ್ ಅಣುಗಳು ಹತ್ತಾರು ಭ್ರಮಣ ಮಟ್ಟಗಳಲ್ಲಿ ಹಂಚಿಹೋಗಿರುತ್ತವೆ, ಮೇಲಿನ ಸ್ಪಿನ್-ಕಕ್ಷಾ ಮಟ್ಟದಲ್ಲೂ ಗಣನೀಯವಾಗಿ ಇರುತ್ತವೆ. ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಕದಡಿಹೋಗುತ್ತದೆ. ಆದ್ದರಿಂದ ಅನಿಲವನ್ನು ಕೆಲವು ವಾತಾವರಣಗಳ ಒತ್ತಡದಿಂದ ಸಣ್ಣ ರಂಧ್ರದ ಮೂಲಕ ನಿರ್ವಾತಕ್ಕೆ ಚಿಮ್ಮಿಸಿ. ಹಿಗ್ಗುವ ಆರ್ಗಾನ್ ತನ್ನೊಂದಿಗೆ ಅಣುಗಳನ್ನೂ ಕೆಲವೇ ಕೆಲ್ವಿನ್‌ಗೆ ತಂಪಾಗಿಸುತ್ತದೆ. ಬಹುಪಾಲು ಅಣುಗಳು ಅತ್ಯಂತ ಕೆಳಗಿನ ಮಟ್ಟಕ್ಕೆ ಬಂದು ಕೂರುತ್ತವೆ, ರೋಹಿತದಲ್ಲಿ ಬೆರಳೆಣಿಕೆಯ ರೇಖೆಗಳು ಉಳಿಯುತ್ತವೆ. ಹೀಗೆ ಚಿಮ್ಮಿದ ಅನಿಲಧಾರೆಯ, ಅಂದರೆ ಜೆಟ್ಟಿನ, ನಡುಭಾಗವನ್ನಷ್ಟೇ ಸ್ಕಿಮ್ಮರ್ ಎಂಬ ಶಂಕುವಿನ ತುದಿಯ ರಂಧ್ರದ ಮೂಲಕ ಅಯಾನೀಕರಣದ ಕೋಣೆಗೆ ಬಿಡಿ.

ಆದರೆ ಮೊದಲ ದಿನ ಇದನ್ನು ಮಾಡಲು ಹೋಗಬೇಡಿ. ಲೀಕ್ ವಾಲ್ವ್‌ನಿಂದ ಸ್ವಲ್ಪ ಅನಿಲ ಬಿಟ್ಟು, ಕೋಣೆಯ ಒತ್ತಡ 10⁻⁶ ಮಿಲಿಬಾರ್ ಆಸುಪಾಸಿನಲ್ಲಿರುವಾಗ ಲೇಸರನ್ನು 227ರಿಂದ 225.5 ನ್ಯಾನೊಮೀಟರ್‌ವರೆಗೆ ಸರಿಸಿ. ಸಂಕೇತ ಬಂದೇ ಬರುತ್ತದೆ. ಲೇಸರ್, ಡಿಟೆಕ್ಟರ್, ಆಸಿಲೋಸ್ಕೋಪ್ ಎಲ್ಲ ಸರಿಯಿವೆ ಎಂದು ಹೀಗೆ ಖಚಿತವಾದ ಮೇಲೆ ಜೆಟ್ ಹುಡುಕಿ. ಕೊಠಡಿ ಉಷ್ಣತೆಯ ಆರ್ಗಾನ್ ಜೆಟ್ಟಿನ ವೇಗ ಸೆಕೆಂಡಿಗೆ ಸುಮಾರು 550 ಮೀಟರ್. ನಾಝಲ್‌ನಿಂದ ಲೇಸರ್‌ವರೆಗೆ 10 ಸೆಂಟಿಮೀಟರ್ ಇದ್ದರೆ ವಾಲ್ವ್ ತೆರೆದ ಮೇಲೆ ಸುಮಾರು 180 ಮೈಕ್ರೋಸೆಕೆಂಡ್ ಕಾದು ಲೇಸರ್ ಹಾರಿಸಬೇಕು. ವಾಲ್ವ್ ತೆರೆದುಕೊಳ್ಳಲು ಹಿಡಿಯುವ ಕಾಲವನ್ನೂ ಅದಕ್ಕೆ ಸೇರಿಸಿ.

ಜೆಟ್ ಸಿಕ್ಕರೂ ಬಿಸಿ ಅಣುಗಳ ರೇಖೆಗಳು ಹೋಗದಿದ್ದರೆ ಸಿಲಿಂಡರನ್ನು ಅನುಮಾನಿಸಿ. ಅನಿಲದಲ್ಲಿ ನೈಟ್ರೋಜನ್ ಡೈಆಕ್ಸೈಡ್ ಸೇರಿದ್ದರೆ ಅದೇ 226ರ ಬೆಳಕು ಅದನ್ನು ಒಡೆದು ಬಿಸಿಯಾದ ನೈಟ್ರಿಕ್ ಆಕ್ಸೈಡ್ ಹುಟ್ಟಿಸುತ್ತದೆ. ಅನಿಲವನ್ನು ಒಣ ಮಂಜುಗಡ್ಡೆ ಮತ್ತು ಆಲ್ಕೋಹಾಲ್ ತುಂಬಿದ ಶೀತಬಲೆಯ ಮೂಲಕ ಹಾಯಿಸಿದರೆ ಅದು ಅಲ್ಲೇ ಉಳಿಯುತ್ತದೆ.

ಹೆಜ್ಜೆ 2: ರಾಶಿಯ ಗುರುತು

ಅಯಾನುಗಳನ್ನು 2000 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೊಂದಿಗೆ ಒಂದು ಮೀಟರ್ ಉದ್ದದ ಕೊಳವೆಯಲ್ಲಿ ಓಡಿಸಿದರೆ ರಾಶಿ 30ರ ನೈಟ್ರಿಕ್ ಆಕ್ಸೈಡ್ 8.8 ಮೈಕ್ರೋಸೆಕೆಂಡಿನಲ್ಲೂ ರಾಶಿ 27ರ ಅಲ್ಯೂಮಿನಿಯಂ 8.4 ಮೈಕ್ರೋಸೆಕೆಂಡಿನಲ್ಲೂ ಡಿಟೆಕ್ಟರ್ ತಲುಪುತ್ತವೆ. ಕೆಲವೇ ನ್ಯಾನೊಸೆಕೆಂಡಿನ ಲೇಸರ್ ಸ್ಪಂದಕ್ಕೆ ಈ ಅಂತರ ಧಾರಾಳ. ಹಾರಾಟದ ಕಾಲ ರಾಶಿಯ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ ಗೊತ್ತಿರುವ ಎರಡು ಶಿಖರಗಳಿಂದ ಉಳಿದೆಲ್ಲವನ್ನೂ ಗುರುತಿಸಬಹುದು.

ಪಂಪಿನ ಎಣ್ಣೆಯ ಆವಿ ಸೀಳಿ 41, 43, 55, 57ರಲ್ಲಿ ಶಿಖರಗಳು ಬರುತ್ತವೆ. ಇವುಗಳ ಪೈಕಿ 43ರ ಮೇಲೆ ಕಣ್ಣಿಡಿ, ಏಕೆಂದರೆ ಅಲ್ಯೂಮಿನಿಯಂ ಮಾನಾಕ್ಸೈಡಿನ ರಾಶಿಯೂ 43. ಎರಡನ್ನೂ ಬೇರ್ಪಡಿಸಲು ಲೋಹವನ್ನು ಆವಿಯಾಗಿಸುವ ಲೇಸರನ್ನು ಮುಚ್ಚಿ ನೋಡಿ, ಉಳಿದುಕೊಂಡದ್ದು ಎಣ್ಣೆ.

ಇನ್ನೊಂದು ಗದ್ದಲದ ಮೂಲವನ್ನು ಹೊಸಬರು ಗಮನಿಸುವುದೇ ಇಲ್ಲ. 226 ನ್ಯಾನೊಮೀಟರ್ ಫೋಟಾನಿನ 5.48 ಎಲೆಕ್ಟ್ರಾನ್ ವೋಲ್ಟ್ ಉಕ್ಕಿನ ತಟ್ಟೆಯ ಮೇಲ್ಮೈಯಿಂದ ಎಲೆಕ್ಟ್ರಾನ್ ಎಬ್ಬಿಸಲು ಸಾಕಾಗುತ್ತದೆ. ಚದುರಿದ ಬೆಳಕು ತಟ್ಟೆಗೆ ತಾಗಿದರೆ ಅಲ್ಲಿಂದ ಹೊರಟ ಎಲೆಕ್ಟ್ರಾನುಗಳು ಕೋಣೆಯ ಅನಿಲವನ್ನೆಲ್ಲ ಅಯಾನೀಕರಿಸುತ್ತವೆ. ಲೇಸರ್ ಹಾರಿದ ಕ್ಷಣದಲ್ಲೇ ದೊಡ್ಡದೊಂದು ಮುಳ್ಳು, ಹಿಂದೆಯೇ ಎಲ್ಲ ರಾಶಿಗಳಲ್ಲೂ ಹರಡಿದ ಸಂಕೇತ ಕಂಡರೆ ಕಾರಣ ಇದೇ. ಕಿಟಕಿಯಿಂದ ಕೋಣೆಯವರೆಗಿನ ತೋಳಿನಲ್ಲಿ ಬೆಳಕು ತಡೆಯುವ ರಂಧ್ರಫಲಕಗಳನ್ನು ಇಡಿ, ಕಿರಣವನ್ನು ಕಿರಿದಾಗಿಸಿ. ಬಿಸಿ ತಂತಿಯ ಅಯಾನ್ ಗೇಜನ್ನು ಅಳತೆಯ ವೇಳೆ ಆರಿಸಿ. ಡಿಟೆಕ್ಟರಾದ ಮೈಕ್ರೋಚಾನೆಲ್ ಪ್ಲೇಟಿಗೆ ವೋಲ್ಟೇಜನ್ನು ನಿಧಾನವಾಗಿ, ಒತ್ತಡ 10⁻⁶ ಮಿಲಿಬಾರ್ ಮಟ್ಟಕ್ಕೆ ಇಳಿದ ಮೇಲಷ್ಟೇ ಏರಿಸಿ.

ಹೆಜ್ಜೆ 3: ಎರಡು ಬಣ್ಣ

ಒಂದೇ ಬಣ್ಣದ 226ರಿಂದ ಸಿಗುವುದು ನೈಟ್ರಿಕ್ ಆಕ್ಸೈಡ್ ಇದೆ ಎಂಬ ಸುದ್ದಿ ಮಾತ್ರ. ಎಲೆಕ್ಟ್ರಾನ್ ಹೊರಬೀಳಲು ಶುರುವಾಗುವ ಶಕ್ತಿಯ ಹೊಸ್ತಿಲು ಎಲ್ಲಿದೆ ಎಂದು ತಿಳಿಯಲು ಎರಡನೆಯ ಲೇಸರ್ ಬೇಕು. ಮೊದಲನೆಯದನ್ನು ಕೆಳಮಟ್ಟದಿಂದ ಹೊರಡುವ ಒಂದು ರೇಖೆಯ ಮೇಲೆ ಕದಲದಂತೆ ನಿಲ್ಲಿಸಿ. ಎಲೆಕ್ಟ್ರಾನ್ ಯಾವ ಮಟ್ಟದಿಂದ ಹೊರಟಿತು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಈ ಲೇಸರ್. ‘ಎ’ ಸ್ಥಿತಿ ಸುಮಾರು 44,200 ಸೆಂ.ಮೀ⁻¹ ಎತ್ತರದಲ್ಲಿದೆ, ಅಯಾನಿನ ಹೊಸ್ತಿಲು ಸುಮಾರು 74,720ರಲ್ಲಿ. ನಡುವಿನ 30,520 ಸೆಂ.ಮೀ⁻¹ ಎಂದರೆ 327.6 ನ್ಯಾನೊಮೀಟರ್. 655ರ ಬಳಿಯ ಡಿಸಿಎಂ ಡೈ ಬೆಳಕನ್ನು ಅರ್ಧಿಸಿದರೆ ಅದು ಸಿಗುತ್ತದೆ. ಮೊದಲ ಬಣ್ಣಕ್ಕೆ ಕೂಮರಿನ್ 450 ಡೈಯ 452 ನ್ಯಾನೊಮೀಟರ್ ಬೆಳಕನ್ನು ಅರ್ಧಿಸಿ.

ಈಗ ಬರುವ ತೊಂದರೆ, ಮೊದಲ ಲೇಸರ್ ಒಂಟಿಯಾಗಿಯೂ ಅಯಾನು ಹುಟ್ಟಿಸುವುದು. ಎರಡನೆಯದನ್ನು ಮುಚ್ಚಿ, ಮೊದಲನೆಯದರ ಶಕ್ತಿಯನ್ನು ಅದರ ಸಂಕೇತ ಕಂಡೂ ಕಾಣದಷ್ಟಕ್ಕೆ ಇಳಿಸಿ. ಆಮೇಲೆ ಎರಡನೆಯದನ್ನು ತೆರೆದು ಅದರ ಶಕ್ತಿಯನ್ನು ಏರಿಸಿ. ಮೊದಲನೆಯ ಹೆಜ್ಜೆಗೆ ಬೇಕಾದ ಬೆಳಕು ಬಹಳ ಕಡಿಮೆ, ಎರಡನೆಯದಕ್ಕೆ ಹೆಚ್ಚು ಎಂಬುದು ನಮಗೆ ಅನುಕೂಲಕರ.

ಕಾಲದ ಹೊಂದಾಣಿಕೆ ಅಣುವಿಗೂ ಲೋಹಕ್ಕೂ ಬೇರೆ. ನೈಟ್ರಿಕ್ ಆಕ್ಸೈಡಿನ ‘ಎ’ ಸ್ಥಿತಿ ಸುಮಾರು 200 ನ್ಯಾನೊಸೆಕೆಂಡ್ ಬಾಳುತ್ತದೆ, ಎರಡನೆಯ ಸ್ಪಂದ ಹತ್ತಿಪ್ಪತ್ತು ನ್ಯಾನೊಸೆಕೆಂಡ್ ತಡವಾದರೂ ನಷ್ಟವಿಲ್ಲ. ಅಲ್ಯೂಮಿನಿಯಂನ 3ಡಿ ಮಟ್ಟದ ಬಾಳು ಸುಮಾರು 14 ನ್ಯಾನೊಸೆಕೆಂಡ್ ಮಾತ್ರ. ಬೆಳಕು ಒಂದು ನ್ಯಾನೊಸೆಕೆಂಡಿಗೆ 30 ಸೆಂಟಿಮೀಟರ್ ಸಾಗುತ್ತದೆ. ಒಂದೇ ಯಾಗ್ ಲೇಸರಿನಿಂದ ಎರಡೂ ಡೈ ಲೇಸರುಗಳನ್ನು ನಡೆಸುತ್ತಿದ್ದರೆ ಮೇಜಿನ ಮೇಲಿನ ದಾರಿಯ ಉದ್ದವನ್ನು ಟೇಪಿನಿಂದ ಅಳೆದೇ ಕಾಲವನ್ನು ಹೊಂದಿಸಬಹುದು.

ಹೆಜ್ಜೆ 4: ಲೋಹವನ್ನು ಆವಿಯಾಗಿಸುವುದು

ಅಲ್ಯೂಮಿನಿಯಂ ಕಡ್ಡಿಯೊಂದನ್ನು ನಾಝಲ್ ಬಳಿ ಇಟ್ಟು, 532 ನ್ಯಾನೊಮೀಟರ್‌ನ ಕೆಲವು ಮಿಲಿಜೂಲ್ ಬೆಳಕನ್ನು ಅದರ ಮೇಲೆ ಕೇಂದ್ರೀಕರಿಸಿ, ಎದ್ದ ಆವಿಯನ್ನು ಹೀಲಿಯಂ ಸ್ಪಂದದೊಂದಿಗೆ ಹೊರಗೆ ಒಯ್ಯುವ ವಿಧಾನವನ್ನು 1980ರ ದಶಕದ ಆರಂಭದಲ್ಲಿ ರೈಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲಿ ಅವರ ತಂಡ ರೂಪಿಸಿತು. 1985ರಲ್ಲಿ ಅದೇ ಬಗೆಯ ಉಪಕರಣದಲ್ಲಿ ಲೋಹದ ಬದಲು ಗ್ರ್ಯಾಫೈಟ್ ಇಟ್ಟಾಗ 60 ಇಂಗಾಲದ ಗೋಳ ಸಿಕ್ಕಿತು.

ಇಲ್ಲಿ ಯಶಸ್ಸು ಕಡ್ಡಿಯ ಚಲನೆಯಲ್ಲಿದೆ. ಕಡ್ಡಿ ತಿರುಗುತ್ತಲೂ ಮುಂದಕ್ಕೆ ಸರಿಯುತ್ತಲೂ ಇರಬೇಕು. ನಿಂತುಬಿಟ್ಟರೆ ಲೇಸರ್ ಒಂದೇ ಕಡೆ ಗುಳಿ ಕೊರೆಯುತ್ತದೆ, ಆವಿ ಕುಸಿಯುತ್ತದೆ, ಸಂಕೇತ ಏರಿಳಿದು ಅಯಾನಿನ ಹೊಸ್ತಿಲಿನಂತೆಯೇ ಕಾಣುವ ಸುಳ್ಳು ಮೆಟ್ಟಿಲುಗಳನ್ನು ತೋರಿಸುತ್ತದೆ. ಹೊಸ ಕಡ್ಡಿಯ ಮೇಲೆ ಆಕ್ಸೈಡಿನ ಪದರವಿರುವುದರಿಂದ ಆರಂಭದಲ್ಲಿ 43ರ ಶಿಖರ ದೊಡ್ಡದಿರುತ್ತದೆ. ಲೇಸರ್ ಒಂದು ಸುತ್ತು ಇಡೀ ಮೇಲ್ಮೈಯನ್ನು ಕೆರೆದ ಮೇಲೆ 27 ಮೇಲೇಳುತ್ತದೆ. ಕಡ್ಡಿಯನ್ನು ಹೊರತೆಗೆದು ನೋಡಿ: ಹಿಂದಿನ ಹೊಳಪಿನ ಬದಲು ಸ್ಕ್ರೂವಿನ ಎಳೆಗಳಂತೆ ಸಮನಾದ ಬೂದುಬಣ್ಣದ ಗೆರೆ ಸುತ್ತಿಕೊಂಡಿದ್ದರೆ ಚಲನೆ ಸರಿಯಿದೆ.

ಜೆಟ್ಟಿನಲ್ಲಿ ತಂಪಾದರೂ ಕೆಲವು ಪರಮಾಣುಗಳು 112 ಸೆಂ.ಮೀ⁻¹ ಮೇಲಿನ ಮಟ್ಟದಲ್ಲೇ ಉಳಿದುಬಿಡಬಹುದು. ಚಿಂತೆ ಬೇಡ. 308.2 ನ್ಯಾನೊಮೀಟರ್ ರೇಖೆ ಕೆಳಗಿನ ಮಟ್ಟದವನ್ನಷ್ಟೇ ಎತ್ತುತ್ತದೆ, 309.3ರದ್ದು ಮೇಲಿನವನ್ನು. ಎರಡರಿಂದಲೂ ಅಳೆದು, 112ನ್ನು ಲೆಕ್ಕಕ್ಕೆ ಸೇರಿಸಿದಾಗ ಒಂದೇ ಉತ್ತರ ಬಂದರೆ ಅಳತೆಯ ಮೇಲೆ ಭರವಸೆ ಮೂಡುತ್ತದೆ.

ಹೆಜ್ಜೆ 5: ಕ್ಷೇತ್ರದ ಲೆಕ್ಕ

ಈ ಹೆಜ್ಜೆಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಅಯಾನುಗಳನ್ನು ಎಳೆಯಲು ನೀವು ಹಾಕುವ ವಿದ್ಯುತ್ ಕ್ಷೇತ್ರ, ಬಾವಿಯ ಕಟ್ಟೆಯನ್ನು ಒಂದು ಬದಿಯಲ್ಲಿ ತಗ್ಗಿಸಿದಂತೆ, ಎಲೆಕ್ಟ್ರಾನ್ ದಾಟಬೇಕಾದ ಅಂಚನ್ನೇ ಇಳಿಸುತ್ತದೆ. ಸೆಂಟಿಮೀಟರಿಗೆ ಇಷ್ಟು ವೋಲ್ಟ್ ಎಂಬ ಸಂಖ್ಯೆಯ ವರ್ಗಮೂಲವನ್ನು 6.1ರಿಂದ ಗುಣಿಸಿದರೆ ಎಷ್ಟು ಸೆಂ.ಮೀ⁻¹ ಇಳಿಯಿತು ಎಂದು ಸಿಗುತ್ತದೆ. ಕ್ಷೇತ್ರ 400 ಇದ್ದರೆ ಇಳಿತ 122. ನಿಮ್ಮ ಲೇಸರಿನ ರೇಖೆಯ ಅಗಲ 0.1 ಸೆಂ.ಮೀ⁻¹ ಇದ್ದರೂ ಉತ್ತರ ಸಾವಿರ ಪಟ್ಟು ಹೆಚ್ಚು ತಪ್ಪಾಗಿರುತ್ತದೆ!

ನೈಟ್ರಿಕ್ ಆಕ್ಸೈಡಿಗೆ ಸರಳ ದಾರಿ ಇದು: ಕ್ಷೇತ್ರವನ್ನು ಹಲವು ಬೆಲೆಗಳಲ್ಲಿ ಇಟ್ಟು ಪ್ರತಿ ಬಾರಿಯೂ ಹೊಸ್ತಿಲನ್ನು ಅಳೆಯಿರಿ. ಕ್ಷೇತ್ರದ ವರ್ಗಮೂಲಕ್ಕೆ ಎದುರಾಗಿ ಹೊಸ್ತಿಲನ್ನು ಗುರುತಿಸಿದರೆ ಬಿಂದುಗಳು ನೇರ ಗೆರೆಯಲ್ಲಿ ಬೀಳುತ್ತವೆ. ಗೆರೆಯನ್ನು ಸೊನ್ನೆ ಕ್ಷೇತ್ರಕ್ಕೆ ಎಳೆಯಿರಿ. ಕ್ಷೇತ್ರವನ್ನು ಥಟ್ಟನೆ ಸ್ಪಂದವಾಗಿ ಕೊಟ್ಟಿದ್ದರೆ ಇಳಿಜಾರು 6.1ರ ಬದಲು 4ರ ಕಡೆಗೂ ಹೋಗಬಹುದು. ಆದ್ದರಿಂದ ಪುಸ್ತಕದ ಇಳಿಜಾರನ್ನು ಒಂದೇ ಬಿಂದುವಿಗೆ ಅಂಟಿಸಿ ತಿದ್ದುಪಡಿ ಮಾಡಬೇಡಿ, ನಿಮ್ಮ ಗೆರೆಯ ಇಳಿಜಾರನ್ನೇ ಬಳಸಿ.

ಹೊಸ್ತಿಲಿನ ಆಚೆ ಸಂಕೇತ ನುಣುಪಾಗಿ ಏರುತ್ತದೆ ಎಂದು ಕಾಯಬೇಡಿ. ತಾನಾಗಿ ಅಯಾನೀಕರಣಗೊಳ್ಳುವ ಮಟ್ಟಗಳು ಅಲ್ಲಿ ಚೂಪು ಶಿಖರಗಳಾಗಿ ನಿಂತು ಮೆಟ್ಟಿಲನ್ನು ಮರೆಮಾಡುತ್ತವೆ. ಇದರಿಂದ ಬಿಡಿಸಿಕೊಳ್ಳಲು 1984ರಲ್ಲಿ ಮ್ಯೂನಿಕ್‌ನಲ್ಲಿ ಮುಲ್ಲರ್-ಡೆತ್‌ಲೆಫ್ಸ್, ಸ್ಯಾಂಡರ್ ಮತ್ತು ಶ್ಲಾಗ್ ಒಂದು ಉಪಾಯ ಕಂಡುಹಿಡಿದರು, ಅದೂ ಇದೇ ನೈಟ್ರಿಕ್ ಆಕ್ಸೈಡಿನ ಮೇಲೆ. ಲೇಸರ್ ಹಾರಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ವೇಗವಿದ್ದ ಎಲೆಕ್ಟ್ರಾನುಗಳು ದೂರ ಸರಿಯುತ್ತವೆ. ಆಮೇಲೆ ಸಣ್ಣ ಕ್ಷೇತ್ರದ ಸ್ಪಂದ ಕೊಟ್ಟು, ಹೊಸ್ತಿಲಿನಲ್ಲೇ ನಿಂತವನ್ನಷ್ಟೇ ಹಿಡಿಯಬೇಕು. ಝೀಕೆ (‘ಸೊನ್ನೆ ಚಲನಶಕ್ತಿ’ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂದು ಹೆಸರಾದ ಈ ವಿಧಾನದಲ್ಲಿ ಅಯಾನಿನ ಒಂದೊಂದು ಭ್ರಮಣ ಮಟ್ಟವೂ ಬಿಡಿಬಿಡಿಯಾಗಿ ಕಾಣುತ್ತದೆ. ನಿಮ್ಮಲ್ಲಿ ಕ್ಷೇತ್ರದ ಸ್ಪಂದ ಕೊಡುವ ವ್ಯವಸ್ಥೆಯಿದ್ದರೆ ಮೆಟ್ಟಿಲಿನ ಅಳತೆಯಲ್ಲಿ ಕಾಲ ಕಳೆಯದೆ ನೇರ ಇದಕ್ಕೆ ಬನ್ನಿ.

ಅಲ್ಯೂಮಿನಿಯಂಗೆ ಇನ್ನೂ ಚೆಲುವಾದ ದಾರಿಯಿದೆ: ಹೊಸ್ತಿಲನ್ನು ಮುಟ್ಟದೆಯೇ ಅದನ್ನು ಅಳೆಯುವುದು. ಹೊಸ್ತಿಲಿನ ಕೆಳಗೆ ರಿಡ್‌ಬರ್ಗ್ ಮಟ್ಟಗಳ, ಅಂದರೆ ಎಲೆಕ್ಟ್ರಾನ್ ಇನ್ನೂ ಬಿಟ್ಟುಹೋಗದೆ ಬಹಳ ದೂರದಲ್ಲಿ ಸುತ್ತುವ ಮಟ್ಟಗಳ, ಸಾಲಿದೆ. ಮೇಲೆ ಹೋದಂತೆ ಅವು ಹತ್ತಿರ ಹತ್ತಿರ ಬರುತ್ತವೆ: 20ನೆಯ ಮಟ್ಟದ ಬಳಿ ಅಂತರ ಸುಮಾರು 27 ಸೆಂ.ಮೀ⁻¹, 30ರ ಬಳಿ 8, 40ರ ಬಳಿ 3.4. ಕ್ಷೇತ್ರವನ್ನು ಸೊನ್ನೆಯ ಸಮೀಪ ಇಟ್ಟು ಲೇಸರ್ ಹಾರಿಸಿ, ಒಂದು ಮೈಕ್ರೋಸೆಕೆಂಡ್ ಬಳಿಕ ಸೆಂಟಿಮೀಟರಿಗೆ 1000 ವೋಲ್ಟಿನ ಸ್ಪಂದ ಕೊಡಿ. ಸುಮಾರು 24ರಿಂದ ಮೇಲಿನ ಮಟ್ಟಗಳೆಲ್ಲ ಒಡೆದು ಅಯಾನು ಕೊಡುತ್ತವೆ. ಎರಡನೆಯ ಲೇಸರನ್ನು 638ರಿಂದ 633 ನ್ಯಾನೊಮೀಟರ್‌ವರೆಗೆ ಸರಿಸಿದರೆ 25ರಿಂದ 50ರವರೆಗಿನ ಸಾಲು ಒಂದರ ಪಕ್ಕ ಒಂದು ಮೂಡುತ್ತದೆ. ಇಲ್ಲಿಯೂ ಅದೇ ಡಿಸಿಎಂ ಡೈ, ಅರ್ಧಿಸುವ ಗೋಜೂ ಇಲ್ಲ. 3ಡಿಯಿಂದ ಎಫ್ ಮತ್ತು ಪಿ ಎಂಬ ಎರಡು ಸಾಲುಗಳಿಗೆ ಹೋಗಬಹುದಾದ್ದರಿಂದ ಮೊದಲು ಅವನ್ನು ಬೇರ್ಪಡಿಸಿ. ಬಳಿಕ ಪ್ರತಿ ಸಾಲಿಗೂ ರಿಡ್‌ಬರ್ಗ್ ಸೂತ್ರ ಹೊಂದಿಸಿ, ಅಯಾನೀಕರಣ ಶಕ್ತಿ ಮತ್ತು ಕ್ವಾಂಟಂ ಕೊರತೆ (ಸೂತ್ರದಲ್ಲಿ ಮಟ್ಟದ ಸಂಖ್ಯೆಯಿಂದ ಕಳೆಯಬೇಕಾದ ತಿದ್ದುಪಡಿ) ಎರಡನ್ನೂ ಒಟ್ಟಿಗೆ ಪಡೆಯಿರಿ. ಎರಡು ಸಾಲುಗಳೂ ಒಂದೇ ಮಿತಿಗೆ ಸೇರಬೇಕು, ಸುಮಾರು 15,843 ಸೆಂ.ಮೀ⁻¹ಗೆ. ಅದಕ್ಕೆ 3ಡಿಯ 32,435ನ್ನು ಕೂಡಿದರೆ 48,278.

2013ರಲ್ಲಿ ಸರ್ನ್‌ನ ಐಸೋಲ್ಡೆ ಪ್ರಯೋಗಾಲಯದಲ್ಲಿ ಅಸ್ಟಟೈನ್ ಧಾತುವಿನ ಅಯಾನೀಕರಣ ಶಕ್ತಿ 9.3175 ಎಲೆಕ್ಟ್ರಾನ್ ವೋಲ್ಟ್ ಎಂದು ಸಿಕ್ಕಿದ್ದು ರಿಡ್‌ಬರ್ಗ್ ಸಾಲಿನ ಇದೇ ವಿಧಾನದಿಂದ. ಸ್ಥಿರ ಐಸೊಟೋಪ್ ಒಂದೂ ಇಲ್ಲದ ಧಾತು ಅದು. ಜರ್ಮನಿಯ ಜಿಎಸ್ಐ ಸಂಸ್ಥೆಯಲ್ಲಿ ನೊಬೆಲಿಯಂ ಅಳೆದಾಗ ಕೈಗೆ ಸಿಗುತ್ತಿದ್ದದ್ದು ಸೆಕೆಂಡಿಗೆ ಕೆಲವೇ ಪರಮಾಣುಗಳು, ಅದರಿಂದಲೂ 6.626 ಎಲೆಕ್ಟ್ರಾನ್ ವೋಲ್ಟ್ ಎಂಬ ಸ್ಪಷ್ಟ ಉತ್ತರ ಬಂತು.

ಹೆಜ್ಜೆ 6: ತರಂಗಾಂತರದ ಅಳತೆಗೋಲು

ಡೈ ಲೇಸರಿನ ಪರದೆಯಲ್ಲಿ ಕಾಣುವ ಸಂಖ್ಯೆಯನ್ನು ನಂಬಬೇಡಿ. ಅದು ಗ್ರೇಟಿಂಗ್ ತಿರುಗಿಸುವ ಮೋಟಾರಿನ ಲೆಕ್ಕವಷ್ಟೇ. ವೇವ್‌ಮೀಟರಿನಿಂದಲೋ, ನಿಯಾನ್ ತುಂಬಿದ ಹಾಲೋ ಕ್ಯಾಥೋಡ್ ದೀಪದ ಗೊತ್ತಿರುವ ರೇಖೆಗಳಿಂದಲೋ ಪ್ರತಿದಿನ ಸರಿನೋಡಿ.

ಗಾಳಿಯಲ್ಲಿನ ತರಂಗಾಂತರವನ್ನು ನಿರ್ವಾತದ್ದಕ್ಕೆ ಬದಲಿಸುವುದನ್ನು ಬಿಟ್ಟರೆ 655 ನ್ಯಾನೊಮೀಟರ್ ಬಳಿ ಸುಮಾರು 4.2 ಸೆಂ.ಮೀ⁻¹ ತಪ್ಪು ಬರುತ್ತದೆ. ಅರ್ಧಿಸಿದ ಬೆಳಕಿನಲ್ಲಿ ಅದು 8.4 ಆಗುತ್ತದೆ. ಎರಡೂ ಲೇಸರುಗಳಿಗೆ ಈ ತಿದ್ದುಪಡಿ ಬೇಕು. ಮೊದಲ ಲೇಸರ್ ಗೊತ್ತಿರುವ ಪರಮಾಣು ರೇಖೆಯ ಮೇಲೆ ನಿಂತಿದ್ದರೆ ಮಾತ್ರ ಕೋಷ್ಟಕದ ಮಟ್ಟದ ಬೆಲೆಯನ್ನೇ ಬಳಸಬಹುದು. ಆಗ ಅದರ ತರಂಗಾಂತರದ ತಪ್ಪು ಉತ್ತರಕ್ಕೆ ಬರುವುದಿಲ್ಲ. ಅಲ್ಯೂಮಿನಿಯಂ ಅಳತೆ ಸುಲಭವಾಗುವುದು ಇದರಿಂದಲೂ ಹೌದು.

ಬರೆದಿಡುವುದು

ದಿನಚರಿ ಪುಸ್ತಕದಲ್ಲಿ ಪ್ರತಿ ಸ್ಕ್ಯಾನ್ ಜೊತೆ ಎರಡೂ ಲೇಸರುಗಳ ಶಕ್ತಿ, ವಿಳಂಬಗಳು, ತಟ್ಟೆಗಳ ವೋಲ್ಟೇಜ್ ಮತ್ತು ಅವುಗಳ ನಡುವಿನ ದೂರ, ಜೆಟ್ಟಿನ ಒತ್ತಡ ಇರಲಿ. ದೂರವಿಲ್ಲದೆ ವೋಲ್ಟೇಜ್ ಮಾತ್ರ ಬರೆದರೆ ಕ್ಷೇತ್ರವನ್ನು ಮತ್ತೆ ಲೆಕ್ಕ ಹಾಕಲಾಗುವುದಿಲ್ಲ. ಫಲಿತಾಂಶ ಕೊಡುವಾಗ ಹೊರಟ ಮಟ್ಟ ಮತ್ತು ಸೇರಿದ ಮಟ್ಟ ಎರಡನ್ನೂ ಹೆಸರಿಸಿ: ನೈಟ್ರಿಕ್ ಆಕ್ಸೈಡಿಗೆ, ಕೆಳಗಿನ ಸ್ಪಿನ್-ಕಕ್ಷಾ ಮಟ್ಟದ ಅತ್ಯಂತ ಕೆಳಗಿನ ಭ್ರಮಣ ಸ್ಥಿತಿಯಿಂದ ಅಯಾನಿನ ಭ್ರಮಣರಹಿತ ಸ್ಥಿತಿಗೆ. ಅನಿಶ್ಚಿತತೆಯನ್ನು ಒಂದೇ ಸಂಖ್ಯೆಯಾಗಿ ಕೊಡದೆ, ಕ್ಷೇತ್ರದಿಂದ ಬಂದದ್ದು ಎಷ್ಟು, ತರಂಗಾಂತರದಿಂದ ಎಷ್ಟು, ಗೆರೆ ಹೊಂದಿಸುವುದರಿಂದ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯಿರಿ. ನಿಮ್ಮ ನೈಟ್ರಿಕ್ ಆಕ್ಸೈಡ್ 9.264ರಿಂದಲೂ ಅಲ್ಯೂಮಿನಿಯಂ 5.986ರಿಂದಲೂ ಈ ಅನಿಶ್ಚಿತತೆಯನ್ನು ಮೀರಿ ದೂರವಿದ್ದರೆ ಹೊಸ ಅಣುವಿಗೆ ಹೋಗಬೇಡಿ. ಮೊದಲು ಕ್ಷೇತ್ರವನ್ನು, ಅದು ಸರಿಯಿದ್ದರೆ ವೇವ್‌ಮೀಟರನ್ನು ಪರೀಕ್ಷಿಸಿ.